ಮುಹೂರ್ತ ಕಂಪ್ಯೂಟರಿನೊಳಗೇ ಇತ್ತು

ಮರಾಠಿ ನಾಡಿನ ವಾಕಡದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ವಾರಕ್ಕೊಂದು ತಮಾಷೆ ತಪ್ಪಿದ್ದಲ್ಲ. ಬೇರೆಯವರದಾದರೆ ನಕ್ಕು ಮರೆಯುತ್ತೇನೆ. ಇವು ಮೂರೂ ಒಂದೇ ದಿನ ನನ್ನ ತಲೆಯ ಮೇಲೇ ಬಂದವು.

೧. ಮುಹೂರ್ತ

ನಮ್ಮ ಕಲಬುರಗಿ ಕಡೆಯ ಜ್ಯೋತಿಷಿಗಳೊಬ್ಬರು ಶನಿವಾರ ಬೆಳಿಗ್ಗೆ ತಮ್ಮ ಕಂಪ್ಯೂಟರನ್ನು ಆಟೋದಲ್ಲಿ ತಂದಿಳಿಸಿದರು. ಮದರ್‌ಬೋರ್ಡ್ ಸತ್ತಿತ್ತು, ಹಾರ್ಡ್ ಡಿಸ್ಕ್ ಚೆನ್ನಾಗಿತ್ತು. ಅದರಲ್ಲಿದ್ದ ಜಾತಕದ ಸಾಫ್ಟ್‌ವೇರ್ ಈಗ ಎಲ್ಲೂ ಸಿಗುವುದಿಲ್ಲ. ಹೀಗಾಗಿ ವಿಂಡೋಸ್ ಅಳಿಸಿ ಹೊಸದಾಗಿ ಹಾಕುವ ಹಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಬೇರೆ ಬೋರ್ಡಿನ ಮೇಲೆ ಎಬ್ಬಿಸಬೇಕು.

ಅದು ಏಳುವುದು ಅವರಿಗಿಂತ ನನಗೆ ಹೆಚ್ಚು ಬೇಕಾಗಿತ್ತು. ನನ್ನ ಜಾತಕ, ತಳೇಗಾಂವದಲ್ಲಿದ್ದ ನಮ್ಮ ಕಡೆಯ ಒಬ್ಬ ಹುಡುಗಿಯ ಜಾತಕ ಎರಡೂ ಅದರಲ್ಲೇ ಇದ್ದವು. ಕೂಡುತ್ತವೋ ಇಲ್ಲವೋ ಸಂಜೆ ನಾಲ್ಕರೊಳಗೆ ತಿಳಿಸದಿದ್ದರೆ ಬೇರೆ ಹುಡುಗನನ್ನು ನೋಡುತ್ತೇವೆ ಎಂದು ಅವಳ ತಂದೆ ಹೇಳಿಬಿಟ್ಟಿದ್ದರು. ಹುಡುಗಿಯ ಫೋಟೊ ನೋಡಿದ್ದ ನನಗೆ ಅವರು ಬೇರೆ ಹುಡುಗನನ್ನು ನೋಡುವುದು ಸುತರಾಂ ಇಷ್ಟವಿರಲಿಲ್ಲ.

ಸ್ಕ್ರೂಡ್ರೈವರ್ ಎತ್ತಿದೆ. ಜ್ಯೋತಿಷಿಗಳು ಕೈ ಹಿಡಿದರು. ಮುಹೂರ್ತ ನೋಡದೆ ಬಿಚ್ಚಬಾರದಂತೆ. ಹಾಗಾದರೆ ನೋಡಿಬಿಡಿ ಎಂದೆ. ನೋಡುವ ಪಂಚಾಂಗ ಕಂಪ್ಯೂಟರಿನೊಳಗಿತ್ತು. ಕೈಯಿಂದ ಲೆಕ್ಕ ಹಾಕುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತಂತೆ.

"ಕೆಡೂ ಮುಂದ ಅದು ಮುಹೂರ್ತ ಕೇಳಿತ್ತೇನ್ರಿ?" ಎಂದೆ.

"ಕೇಳಿದ್ರ ನಾ ಬ್ಯಾಡ ಅಂತಿದ್ನಲ್ಲಪಾ."

ಕಡೆಗೆ ಎದುರಿನ ಕಿರಾಣಿ ಅಂಗಡಿಗೆ ಹೋಗಿ, ಗೋಡೆಯ ಮರಾಠಿ ಕ್ಯಾಲೆಂಡರ್ ನೋಡಿ ಬಂದು ಅಪ್ಪಣೆ ಕೊಟ್ಟರು.

೨. ಕಸದ ಬುಟ್ಟಿ

ಆ ಮಾದರಿಯ ಬೋರ್ಡು ಹೊಸದು ಬರುವುದು ನಿಂತಿದೆ. ಶಿರೂರಿನ ಗೆಳೆಯ ಹಿಂದೊಮ್ಮೆ ಕಳಿಸಿದ್ದ ಹಳೆಯದೊಂದನ್ನು ಹುಡುಕಿ ಕೂಡಿಸಿದೆ. ವಿಂಡೋಸ್ ಬಹಳ ಹೊತ್ತು ಚಕ್ರ ತಿರುಗಿಸಿ ಕೊನೆಗೂ ಎದ್ದಿತು. ನನಗೆ ಕುಣಿಯಬೇಕೆನಿಸಿತು. ಜ್ಯೋತಿಷಿಗಳು ಮಾತ್ರ ಮೌಸ್ ಮುಟ್ಟಲೊಲ್ಲರು.

ಅವರು ಪರದೆಯ ಮೇಲಿನ ಐಕಾನ್‌ಗಳನ್ನೆಲ್ಲ ವಾಸ್ತು ಪ್ರಕಾರ ಇಟ್ಟಿದ್ದರು. ಪಂಚಾಂಗ ಈಶಾನ್ಯಕ್ಕೆ, ಕಸದ ಬುಟ್ಟಿ ನೈಋತ್ಯಕ್ಕೆ. ಬೋರ್ಡು ಬದಲಾಗಿ ಪರದೆಯ ಅಳತೆ ತಪ್ಪಿದ್ದರಿಂದ ಎಲ್ಲವೂ ಕಲಸಿಹೋಗಿ, ಬುಟ್ಟಿ ಈಶಾನ್ಯಕ್ಕೆ ಬಂದು ಕೂತಿತ್ತು. ಅಳತೆ ಸರಿಮಾಡಿದ ಮೇಲೂ ಅದು ಅಲ್ಲಿಂದ ಏಳಲಿಲ್ಲ.

ಎಳೆದು ಸರಿಸುತ್ತೇನೆ ಎಂದೆ. ಹಾಗೆ ಎಳೆದರೆ ನಟ್ಟನಡುವಿನ ಬ್ರಹ್ಮಸ್ಥಾನದ ಮೇಲೆ ಕಸ ಹಾದುಹೋಗುತ್ತದಂತೆ. ಬುಟ್ಟಿಗೆ ಅಂಚಿನಗುಂಟ ಅರ್ಧ ಪ್ರದಕ್ಷಿಣೆ ಹಾಕಿಸಿ ಜಾಗಕ್ಕೆ ಮುಟ್ಟಿಸುವಷ್ಟರಲ್ಲಿ ಮೂರೂಮುಕ್ಕಾಲು.

೩. ವಯಸ್ಸು

ಸಾಫ್ಟ್‌ವೇರ್ ತೆರೆಯಿತು. ಜ್ಯೋತಿಷಿಗಳು ತಳೇಗಾಂವಕ್ಕೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಪರದೆ ನೋಡುತ್ತ ಓದತೊಡಗಿದರು.

"ಗುಣ ಭಾಳ ಚಲೋ ಕೂಡ್ಯಾವ್ರಿ. ದೋಷ ಏನೂ ಇಲ್ಲ. ವರನ ವಯಸ್ಸು ಹದಿನೈದು."

ಥಟ್ಟನೆ ಪರದೆಯ ಮೂಲೆಗೆ ಕಣ್ಣು ಹಾಯಿಸಿದೆ. ಆ ಹಳೆಯ ಬೋರ್ಡಿನಲ್ಲಿ ತಾರೀಖು ಕಾಯುವ ಪುಟ್ಟ ಬ್ಯಾಟರಿ ಸತ್ತು, ಕಂಪ್ಯೂಟರಿನ ತಾರೀಖು ಹದಿನಾರು ವರ್ಷ ಹಿಂದಕ್ಕೆ ಹೋಗಿತ್ತು. ಬುಟ್ಟಿಯ ಗಲಾಟೆಯಲ್ಲಿ ನಾನು ನೋಡಿರಲಿಲ್ಲ. ಕೈಸನ್ನೆ ಮಾಡಿದೆ. ಅವರ ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

"ಕನ್ಯಾದ್ದು ಹತ್ತು. ಇನ್ನೂ ಭಾಳ ಟೈಮ್ ಅದ್ರಿ, ಗಡಿಬಿಡಿ ಬ್ಯಾಡ."

ನಾನು ಫೋನಿಗೆ ಬಾಯಿಟ್ಟು, ತಾರೀಖು ತಪ್ಪಿದೆ, ನನಗೆ ಮೂವತ್ತೊಂದು ಎಂದು ಕೂಗಿಕೊಂಡೆ. ಫೋನಿನಲ್ಲಿ ತಂದೆಯ ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು.

"ಅಪ್ಪಾ, ನಾಳೆ ಬರ್ಲಿ ಅನ್ರಿ. ಬರೂ ಮುಂದ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತರ್ಲಿ."

ಮರುದಿನ ನಿಜಕ್ಕೂ ಅದನ್ನು ಕಿಸೆಯಲ್ಲಿಟ್ಟುಕೊಂಡೇ ಹೋದೆ. ಗಣಿತದಲ್ಲಿ ಮೂವತ್ತೈದು ಇತ್ತು. ಅದನ್ನು ಆಕೆ ಇವತ್ತಿಗೂ ನಮ್ಮ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಹೇಳುತ್ತಾಳೆ.