ಸ್ಪಂಜಿನ ಕಷಾಯ

ನಾರಾಯಣಪೇಟೆಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವುದು ನನ್ನ ಕಸುಬು. ಯಾವುದನ್ನು ಎಷ್ಟು ಹೊತ್ತು ಕುದಿಸಿದರೆ ಅದರ ಸತ್ವ ನೀರಿಗೆ ಇಳಿಯುತ್ತದೆ ಎಂಬ ವಿಷಯದಲ್ಲಿ ನನಗೆ ಯಾರ ಸಲಹೆಯೂ ಬೇಕಿಲ್ಲ. ಹೀಗಾಗಿ, ಮಕ್ತಲ್‌ನಲ್ಲಿ ಮಗ್ಗ ನೇಯುವ ನಮ್ಮ ಅಕ್ಕ ಶಂಕ್ರಮ್ಮನನ್ನು ರಕ್ತದ ಕ್ಯಾನ್ಸರೆಂದು ಹೈದರಾಬಾದಿನ ಆಸ್ಪತ್ರೆಗೆ ಸೇರಿಸಿದಾಗ ಮೂರು ದಿನ ಅತ್ತೆ. ನಾಲ್ಕನೆಯ ದಿನ ಚಿಕಿತ್ಸೆಯನ್ನು ನಾನೇ ವಹಿಸಿಕೊಂಡೆ.

ಸಮುದ್ರದ ತಳದಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಸ್ಪಂಜು ಎಂಬ ಜೀವಿಯ ಮೈಯಲ್ಲಿ ಕ್ಯಾನ್ಸರನ್ನು ಕೊಲ್ಲುವ ವಸ್ತು ಇದೆ ಎಂದು ಫೋನಿನಲ್ಲಿ ಓದಿದ್ದೆ. ಪೂರ್ತಿ ಓದಲಿಲ್ಲ. ಅಷ್ಟೇ ಸಾಕಾಯಿತು.

ಕಡಲ ದಂಡೆಯ ಚೀರಾಲದಿಂದ ನೂಲು ತರುವ ಲಾರಿ ಡ್ರೈವರ್‌ಗೆ ಹೇಳಿ ಒಂದನ್ನು ತರಿಸಿದೆ. ಅವನು ತಂದದ್ದು ಸ್ಪಂಜೋ ಮತ್ತೊಂದೋ, ಪರೀಕ್ಷಿಸುವ ವಿದ್ಯೆ ನನಗಿರಲಿಲ್ಲ. ನಾರುತ್ತಿತ್ತು, ನಂಬಿದೆ. ಹೆಂಡತಿ ಅಡುಗೆಯ ಪಾತ್ರೆ ಕೊಡಲು ಒಪ್ಪಲಿಲ್ಲ.

“ಕುಡಿಸಾಕ ಮೊದ್ಲು ಡಾಕ್ಟರನ್ನ ಒಂದ್ ಮಾತು ಕೇಳ್ರಿ” ಅಂದಳು.

ಅವಳು ಓದಿದ್ದು ಏಳನೆಯ ತರಗತಿ. ನಾನು ಹತ್ತರಲ್ಲಿ ಫೇಲಾದವನು. ಕೇಳಲಿಲ್ಲ. ಕೆಲಸದ ಹಂಡೆಯಲ್ಲೇ ಮೂರು ತಾಸು ಕುದಿಸಿದೆ. ಕಷಾಯ ದಟ್ಟ ಕೆಂಪಾಗಿ ಇಳಿಯಿತು. ಅಷ್ಟು ಚೆಂದದ ಔಷಧವನ್ನು ನಾನು ಕಂಡೇ ಇರಲಿಲ್ಲ.

ಬಸ್ಸಿನಲ್ಲಿ ಫ್ಲಾಸ್ಕಿನ ಮುಚ್ಚಳ ಸಡಿಲವಾಯಿತು. ಮಹಬೂಬನಗರ ಬರುವಷ್ಟರಲ್ಲಿ ಸುತ್ತಲಿನ ಸೀಟುಗಳೆಲ್ಲ ಖಾಲಿ. ಕಾಲು ಚಾಚಿಕೊಂಡು ಆರಾಮವಾಗಿ ಹೋದೆ.

ಅಕ್ಕನ ಕೈಗೆ ಡ್ರಿಪ್ ಹಾಕಿದ್ದರು. ಸೊರಗಿ ಹೋಗಿದ್ದಳು. ಲೋಟ ತುಂಬಿ ಕೊಟ್ಟೆ. ಒಮ್ಮೆ ನನ್ನ ಮುಖ ನೋಡಿದಳು. ಅಂಥ ವಾಸನೆಯಿದ್ದರೂ ಲೋಟವನ್ನು ತುಟಿಯ ಹತ್ತಿರ ತಂದಳು. ಡ್ರಿಪ್ಪಿನ ನಳಿಗೆ ತಡೆದು ಬಿಳಿ ಚಾದರದ ಮೇಲೆ ಒಂದಿಷ್ಟು ಚೆಲ್ಲಿತು. ಅಕ್ಕ ಕುಡಿಯದೆ ಆ ಕಲೆಯನ್ನೇ ನೋಡಿದಳು.

“ತಮ್ಮಾ, ಇದು ನಮ್ಮ ಸೀರಿ ಅಂಚಿನ ಬಣ್ಣ ಐತಿ.”

ಹಂಡೆಯನ್ನು ತೊಳೆದಿರಲಿಲ್ಲ ಎಂಬುದು ಆಗ ನೆನಪಾಯಿತು. ಲೋಟವನ್ನು ಕಸಿದುಕೊಂಡೆ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಎಲ್ಲವನ್ನೂ ಒಪ್ಪಿಕೊಂಡೆ. ಬೈದಿದ್ದರೆ ವಾಸಿಯಿತ್ತು, ಅವರು ತೆಲುಗಿನಲ್ಲಿ ಮೆಲ್ಲಗೆ ತಿಳಿಸಿ ಹೇಳಿದರು. ಈ ಸ್ಥಿತಿಯಲ್ಲಿ ಅಕ್ಕನಿಗೆ ಒಂದು ಗುಟುಕು ಹೊಲಸು ನೀರೂ ಪ್ರಾಣಕ್ಕೆ ಅಪಾಯವಂತೆ. ಆಮೇಲೆ ಡ್ರಿಪ್ಪಿನ ಚೀಲ ತೋರಿಸಿದರು. ಅದರಲ್ಲಿದ್ದ ಔಷಧದ ಮೂಲವೂ ಸಮುದ್ರದ ಸ್ಪಂಜೇ. ಅದರಲ್ಲಿ ಸಿಕ್ಕ ವಸ್ತುವಿನ ಮಾದರಿ ಹಿಡಿದು ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಪ್ರಯೋಗಾಲಯದಲ್ಲಿ ಮಾಡಿದ್ದು. ಅಳತೆ ತಪ್ಪಿದರೆ ಅದೂ ವಿಷವೇ.

ಅಂದರೆ, ನಾನು ಹಂಡೆಯಲ್ಲಿ ಹುಡುಕುತ್ತಿದ್ದುದು ಆಗಲೇ ಅಕ್ಕನ ಕೈಯೊಳಗೆ ಹನಿಹನಿಯಾಗಿ ಇಳಿಯುತ್ತಿತ್ತು.

ಅಕ್ಕ ನಕ್ಕಳು. ಆಸ್ಪತ್ರೆ ಸೇರಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಚಾದರವನ್ನು ಎರಡು ಸಲ ಒಗೆಸಿದರೂ ಕಲೆ ಹೋಗಲಿಲ್ಲವೆಂದು ನರ್ಸ್ ದೂರಿದಾಗ, ಬಣ್ಣ ಗಟ್ಟಿ ಎಂದು ನನಗೆ ಒಳಗೊಳಗೇ ಹೆಮ್ಮೆಯಾದದ್ದು ಸುಳ್ಳಲ್ಲ.

ಅಕ್ಕ ಈಗ ಮನೆಗೆ ಬಂದಿದ್ದಾಳೆ. ತಪಾಸಣೆಗೆ ಹೋಗಿಬರುತ್ತಾಳೆ, ದಿನಾ ಒಂದಿಷ್ಟು ಹೊತ್ತು ಮಗ್ಗಕ್ಕೂ ಕೂರುತ್ತಾಳೆ. ಕತೆಯನ್ನು ಅವಳೇ ಊರೂರಿಗೆ ಹಬ್ಬಿಸಿದ್ದಾಳೆ. ಅರ್ಧಂಬರ್ಧ ಕೇಳಿಸಿಕೊಂಡ ಮಂಡಿ ನೋವಿನವರು ನಮ್ಮ ಬಾಗಿಲಿಗೆ ಬಂದು ‘ಸಮುದ್ರದ ಡಾಕ್ಟ್ರು ಅದಾರೇನ್ರೀ’ ಎಂದು ಕೇಳುತ್ತಾರೆ. ಹೆಂಡತಿ ಅವರನ್ನು ಆಸ್ಪತ್ರೆಯ ಕಡೆ ಕಳಿಸುತ್ತಾಳೆ.

ಸಮುದ್ರವನ್ನು ನಾನು ಇವತ್ತಿನವರೆಗೂ ನೋಡಿಲ್ಲ.