ಎಮ್ಮೆ ಇಲ್ಲದ ಸ್ವರ್ಗ

ದೇವದುರ್ಗದಲ್ಲಿ ಕಂಬಳಿ ಅಂಗಡಿ ಇಟ್ಟಿದ್ದ ಅಂಬಣ್ಣನಿಗೆ ಸಾವಿನ ಹೆದರಿಕೆ ಇರಲಿಲ್ಲ. ಸತ್ತ ಮೇಲೆ ಮಗ್ಗುಲಲ್ಲಿ ಯಾರು ಕೂಡುತ್ತಾರೆ ಎಂಬ ಹೆದರಿಕೆ ಹುಟ್ಟಿದ್ದು ಮಠದ ಮಹಾಂತಯ್ಯನವರ ಒಂದು ಮಾತಿನಿಂದ.

"ಮೂವತ್ತು ವರ್ಷ ಮಗ್ಗಲ ಮಗ್ಗಲ ಕುಂತು ಒಂದ ಜಗಳಾ ಮಾಡಿಲ್ಲ ನೀವಿಬ್ಬರೂ. ಕೈಲಾಸದಾಗೂ ಶಿವ ನಿಮ್ಮನ್ನ ಹಿಂಗ ಜೋಡಿ ಕೂಡಸ್ತಾನ, ನೋಡ್ರಿ" ಎಂದು ಮುಂಜಾನೆ ಭಿಕ್ಷೆಗೆ ಬಂದವರು ಇಬ್ಬರ ಹಣೆಗೂ ವಿಭೂತಿ ಹಚ್ಚಿದರು.

ಜೋಡಿಯ ಇನ್ನೊಬ್ಬ, ಪಕ್ಕದ ಹಗ್ಗದ ಅಂಗಡಿಯ ಯಮನೂರಪ್ಪ. ಒಳ್ಳೆಯ ಮನುಷ್ಯ. ಆದರೆ ರಜಾಕಾರರ ಗದ್ದಲದ ವರ್ಷ ಅವನ ಎಮ್ಮೆ ಬಾಗಲವಾಡದ ಹಳ್ಳದಲ್ಲಿ ಕಳೆದುಹೋಗಿ ಹನ್ನೊಂದನೆಯ ದಿನ ಸಿಕ್ಕಿತ್ತು. ಆ ಕತೆಯನ್ನು ಅವನು ಅಂದಿನಿಂದ ದಿನಕ್ಕೆರಡು ಸಲ ಹೇಳುತ್ತಿದ್ದ. ಎಮ್ಮೆ ಸತ್ತಿತ್ತು, ಅದರ ಮೊಮ್ಮಕ್ಕಳೂ ಸತ್ತಿದ್ದವು. ಕತೆ ಮಾತ್ರ ಇನ್ನೂ ಮೇಯುತ್ತಲೇ ಇತ್ತು.

ಇದನ್ನು ಕೈಲಾಸದಲ್ಲೂ ಕೇಳಬೇಕೇ? ಅಲ್ಲಿ ಅಂಗಡಿ ಮುಚ್ಚುವ ಹೊತ್ತು ಕೂಡ ಇಲ್ಲ! ಅಂಬಣ್ಣ ಓಡಿಹೋಗಿ ಮಹಾಂತಯ್ಯನವರನ್ನು ಓಣಿಯ ತಿರುವಿನಲ್ಲಿ ಹಿಡಿದ.

"ಅಜ್ಜಾರ, ಒಬ್ಬಾತ ಕೈಲಾಸಕ್ಕ ಬರದಂಗ ಮಾಡಾಕ ಬರ್ತದೇನ್ರಿ?"

"ನಮ್ಮಲ್ಲಿ ಹೊರಗಿನವರು ಅಂತ ಯಾರೂ ಇಲ್ಲಪಾ. ಈ ಜನ್ಮ ತಪ್ಪಿದ್ರ ಮುಂದಿನ ಜನ್ಮ. ಇರಿವಿ ಸೈತ ಒಂದಿನ ಅಲ್ಲಿಗೇ ಬರ್ತದ."

"ಎಮ್ಮಿ?"

"ಎಮ್ಮಿನೂ ಬರ್ತದ."

ಅಂಬಣ್ಣ ನೇರ ಮನೆಗೆ ಬಂದು ಅಂಗಿ ಬದಲಿಸಿದ. "ಎಲ್ಲಿಗೆ?" ಎಂದಳು ಹೆಂಡತಿ ಕರೆಮ್ಮ.

"ಬ್ಯಾರೆ ಸ್ವರ್ಗ ನೋಡಾಕ. ಮೊದಲ ಮಾನ್ವಿ ಪಾದ್ರಿಗಳ ಹತ್ರ, ಆಮ್ಯಾಲ ಮಸರಕಲ್ಲಿನ ಪೀರಾ ಸಾಬ್ರ ಹತ್ರ."

"ನೋಡಿ ಬಾ. ಹೋಗೋಕಿಂತ ಮುಂಚಿ ಎರಡು ಕೊಡ ನೀರು ತಂದು ಹಾಕು."

ನೀರು ತಂದು ಹಾಕುವ ಅವಸರದಲ್ಲಿ, ಕಟ್ಟಿಟ್ಟ ರೊಟ್ಟಿ ಬುತ್ತಿಯನ್ನು ಕಟ್ಟೆಯ ಮೇಲೇ ಮರೆತು ಅವನು ಬಸ್ಸು ಹತ್ತಿದ.

ಮಾನ್ವಿಯ ದೇವದಾನಂ ಪಾದ್ರಿಗಳು ಸುತ್ತಿ ಬಳಸಿ ಮಾತಾಡುವವರಲ್ಲ. "ನಂಬಿದವರಿಗೆ ಬಾಗಿಲು ತೆರದದ. ನನಗ ಗೊತ್ತಿರೋ ಹಾದಿ ಅದೊಂದೇ" ಎಂದರು.

ಅಂಬಣ್ಣನ ಮುಖ ಅರಳಿತು. "ನಂಬದವರು ಹೊರಗೇ ಏನ್ರಿ? ಗ್ಯಾರಂಟಿ?"

"ತೀರ್ಪು ದೇವರದು. ನಾ ಹೆಂಗ ಹೇಳ್ಲಿ?"

"ಇರ್ಲಿ, ನನ್ನ ಹೆಸರು ಬರಕೊಳ್ರಿ."

"ಹೆಸರು ಬರದ್ರ ಆಗಂಗಿಲ್ಲಪ್ಪ, ಮನಸ್ಸು ತಿರಗಬೇಕು. ಮೊದಲನೇ ಪಾಠ ಇವತ್ತೇ ಶುರು ಮಾಡೂಣು. ಮಗ್ಗಲ್ದಾಗ ಇರೋವನ ಮ್ಯಾಲ ನಿನ್ನ ಮ್ಯಾಲ ಇದ್ದಷ್ಟೇ ಪ್ರೀತಿ ಇಡಬೇಕು. ನಿನ್ನ ಮಗ್ಗಲ್ದಾಗ ಯಾರದಾರ?"

ಪಾದ್ರಿಗಳು ಪ್ರಶ್ನೆ ಮುಗಿಸುವಷ್ಟರಲ್ಲಿ ಅಂಬಣ್ಣ ಚಪ್ಪಲಿ ಮೆಟ್ಟಿ ಅಂಗಳ ದಾಟಿದ್ದ.

ಮಸರಕಲ್ಲಿಗೆ ಬಂದಾಗ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಊರಿನ ಮೊಹರಂ ಪೀರುಗಳನ್ನು ನೋಡಿಕೊಳ್ಳುವ ಮುದುಕ ಪೀರಾ ಸಾಬ್ ಬೇವಿನ ನೆರಳಲ್ಲಿ ಚಾಪೆ ಹಾಸಿ ಕೂತಿದ್ದ. ಅಂಬಣ್ಣನ ಪ್ರಶ್ನೆ ಕೇಳಿ ಗಡ್ಡ ನೀವಿಕೊಂಡ.

"ಯಾರನ್ನ ಒಳಗ ಬಿಡಬೇಕು ಅನ್ನೋದು ಮಾಲಕನ ಮರ್ಜಿ, ಬೇಟಾ. ಮೌಲ್ವಿ ಸಾಬ್ರನ್ನ ಕೇಳಿದ್ರ, ಕಲ್ಮಾ ಓದದವಗ ಕಷ್ಟ ಅಂತಾರ. ಅವರು ಓದಿದವರು. ಆದ್ರ ನೀ ಹದಿನಾಕು ಮೊಹರಂ ನಮ್ಮ ಪೀರುಗಳ ಮುಂದ ಕೈಗೆ ಹರಕಿ ದಾರದ ಲಾಡಿ ಕಟ್ಟಿ ಫಕೀರ ಆಗೀದಿ. ಮನಿ ಮನಿ ಬೇಡಿ ತಂದು ಸಕ್ಕರಿ ಓದಿಸೀದಿ. ಇಷ್ಟು ಸಲ ಕೂಗಿದವನ ದನಿ ಆತಗ ಗುರ್ತು ಸಿಗಂಗಿಲ್ಲೇನು? ನನಗ ಭರೋಸಾ ಅದ."

"ಲಾಡಿ ಕಟ್ಟದವಗ?"

"ಅಂಥವನ ಪರವಾಗಿ ನಾ ಏನ್ ಹೇಳ್ಲಿ?"

ಅಂಬಣ್ಣ ಗೆದ್ದಿದ್ದ! ಯಮನೂರಪ್ಪ ಒಂದು ಸಲವೂ ಲಾಡಿ ಕಟ್ಟಿದವನಲ್ಲ. ಕಿಡಿ ಹಾರಿ ಧೋತರಕ್ಕೆ ಬಿದ್ದೀತೆಂದು ಮೊಹರಮ್ಮಿನ ಬೆಂಕಿ ಕುಣಿಯ ಹತ್ತಿರ ಕೂಡ ಸುಳಿದವನಲ್ಲ. ಅಂಬಣ್ಣನ ಎದೆ ಗಂಜಿ ಹಾಕಿದ ಹೊಸ ಕಂಬಳಿಯಂತೆ ಸೆಟೆದು ನಿಂತಿತು. ಪೀರಾ ಸಾಬನ ಹೆಂಡತಿ ಉಮ್ಮೇ ಕುಲ್ಸುಮ್ ಕೊಟ್ಟ ಚಹಾ ಕುಡಿದು, ಸ್ವರ್ಗದ ಬೀಗನಂತೆ ಇನ್ನೊಂದು ಕಪ್ಪು ಕೇಳಿದ.

ಅಷ್ಟರಲ್ಲಿ ದೂಳು ಮೆತ್ತಿಕೊಂಡ ಯಮನೂರಪ್ಪ ಅಂಗಳಕ್ಕೆ ಬಂದ. ಕೈಯಲ್ಲಿ ರೊಟ್ಟಿ ಬುತ್ತಿ.

"ಬಿಟ್ಟು ಬಂದೀಯಲ್ಲೋ! ಹಸಕೊಂಡಿರ್ತೀದಿ ಅಂತ ಮಾನ್ವಿಗೆ ಹೋದೆ. ಪಾದ್ರಿಗಳು ಓಡಿಹೋದ ಅಂದ್ರು. ಅಲ್ಲಿಂದ ಇಲ್ಲಿಗೆ. ಕರೆಮ್ಮ ಎಲ್ಲಾ ಹೇಳ್ಯಾಳ."

ಅಂಬಣ್ಣನಿಗೆ ಕೊಂಚ ನಾಚಿಕೆಯಾಯಿತು. ಗೆಲುವು ಮಾತ್ರ ಸುಮ್ಮನಿರಗೊಡಲಿಲ್ಲ. ರೊಟ್ಟಿ ಮುರಿಯುತ್ತಾ ಹೇಳಿಯೇಬಿಟ್ಟ: "ಬ್ಯಾಸರ ಮಾಡ್ಕೋಬ್ಯಾಡ ಯಮನೂರಪ್ಪ. ನೀ ಕೈಲಾಸಕ್ಕ ಹೋಗು, ಎಮ್ಮಿನೂ ಬರ್ತದಂತ. ನನ್ನ ಜಾಗ ಈ ಕಡಿ ಆತು. ಇಲ್ಲಿ ನಿನಗ ಬರಾಕ ಆಗಂಗಿಲ್ಲ."

ಪೀರಾ ಸಾಬ್ ತಟ್ಟನೆ ತಲೆ ಎತ್ತಿದ. "ಏನ್ ಹೆಸರಂದಿ? ಯಮನೂರಪ್ಪ? ಯಾರಿಟ್ರಪ್ಪ ಆ ಹೆಸರು?"

"ನಮ್ಮವ್ವ, ಅಜ್ಜಾ. ಏಳು ವರ್ಷ ಮಕ್ಕಳಿರಲಿಲ್ಲ ಆಕಿಗೆ. ಯಮನೂರಿನ ದರ್ಗಾಕ್ಕ ನಡಕೋತ ಹೋಗಿ ಹರಕಿ ಹೊತ್ಲು. ಆಮ್ಯಾಲ ನಾ ಹುಟ್ಟೀನಿ."

ಮುದುಕ ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡ. "ಅರೇ, ಬಾಬಾ ಕೊಟ್ಟ ಮಗಾ ನೀನು! ನೀ ಹುಟ್ಟೋಕಿಂತ ಮುಂಚೇನೇ ನಿನ್ನ ಮಾತು ಅಲ್ಲಿಗೆ ಮುಟ್ಟೇದ. ನಿನಗ್ಯಾಕ ಲಾಡಿ? ಇಗೋ, ಈ ಅಂಬಣ್ಣಂದು ಒಂದಿಷ್ಟು ಅನುಮಾನ ಅದ. ನೀನೇ ಇವನ ಪರವಾಗಿ ಒಂದು ಮಾತು ಹೇಳಬೇಕು."

ಅಂಬಣ್ಣನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಅದೇನ್ ದೊಡ್ಡ ಮಾತು!" ಯಮನೂರಪ್ಪ ಅವನ ಮಗ್ಗುಲಿಗೇ ಚಾಪೆಯ ಮೇಲೆ ಕೂತು ಹೆಗಲ ಮೇಲೆ ಕೈ ಹಾಕಿದ. "ಕೈ ಹಿಡದು ಕರ್ಕೊಂಡು ಹೋಗ್ತೀನಿ, ನನ್ನ ಮಗ್ಗಲ್ದಾಗೇ ಕೂಡಿಸ್ಕೋತೀನಿ. ನೀ ಇಲ್ದ ನಾ ಯಾರಿಗೆ ಹೇಳ್ಲಿ, ಎಮ್ಮಿ ಕಳದದ್ದು?"

ಪೀರಾ ಸಾಬ್ ಚಾಪೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಯಾವ ಎಮ್ಮಿ?"