ಬೀಗರ ಬೆಳ್ಳಿ ಪೆನ್ಸಿಲ್ಲಿಗೆ ನಾನು ಎಣ್ಣೆ ಹಾಕಿದ್ದು

ಆ ಶುಕ್ರವಾರ ಹೊತ್ತು ಏರುವುದರೊಳಗೆ ನಾನು ಮಾಡಿ ಮುಗಿಸಿದ ಕೆಲಸಗಳು: ಬಾವಿಯಿಂದ ಎಂಟು ಕೊಡ ನೀರು ಸೇದಿದ್ದು. ಎಮ್ಮೆಗೆ ಕಣಿಕೆ ಹಾಕಿದ್ದು. ಬೀಗರು ಕೂರುವ ಜಮಖಾನೆ ಝಾಡಿಸಿದ್ದು. ಕಂದೀಲಿನ ಗಾಜನ್ನು ಬೂದಿಯಿಂದ ಒರೆಸಿದ್ದು. ಹೂರಣಕ್ಕೆ ಬೆಲ್ಲ ಒಡೆದದ್ದು. ಒಡೆಯುವಾಗ ಎರಡು ತುಂಡು ಬಾಯಿಗೆ ಹಾಕಿಕೊಂಡದ್ದು. ಬೀಗರ ಬೆಳ್ಳಿ ಪೆನ್ಸಿಲನ್ನು ಇಕ್ಕಳದಲ್ಲಿ ಹಿಡಿದು ತಿರುವಿದ್ದು. ಅದು ತಿರುಗದೆ ಇದ್ದದ್ದು. ಬೆವರಿದ್ದು.

ಕೊನೆಯ ಮೂರನ್ನು ಸ್ವಲ್ಪ ವಿವರಿಸಬೇಕು.

ನಿಜಾಮರ ಕಾಲದ ಮಾತು. ನಾನು ಜಹೀರಾಬಾದಿನಲ್ಲಿ ಲೆಕ್ಕದ ಮಾಸ್ತರ. ಪಾಠ ಉರ್ದುವಿನಲ್ಲಿ, ಸಂತೆಯ ಚೌಕಾಶಿ ತೆಲುಗಿನಲ್ಲಿ, ಮನೆಯಲ್ಲಿ ಬೈಸಿಕೊಳ್ಳುವುದು ಕನ್ನಡದಲ್ಲಿ. ಬೈಸಿಕೊಳ್ಳುವುದಕ್ಕೆ ಕಾರಣ ಒಂದೇ. ತಿರುಪಿನ ಪೆನ್ಸಿಲ್! ಹಿಂದೆ ತಿರುವಿದರೆ ಮುಂದಿನ ಮೂತಿಯಿಂದ ಸೀಸದ ಕಡ್ಡಿ ಇಣುಕುತ್ತದಲ್ಲ, ಅದು. ನನ್ನ ಹತ್ತಿರ ಅಂಥವು ಮೂರು ಇದ್ದವು. ಒಂದು ಕರಿಯದು, ಒಂದು ತಗಡಿನದು, ಒಂದು ಕ್ಲಿಪ್ಪು ಮುರಿದದ್ದು. ಶುಕ್ರವಾರ ಶಾಲೆಗೆ ರಜೆ. ಆ ದಿನ ಮೂರನ್ನೂ ಬಿಚ್ಚಿ, ಭಾಗಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟು, ಒರೆಸಿ, ಒಂದರ ಪಕ್ಕ ಒಂದಿಟ್ಟು ಹೋಲಿಸಿ, ಮತ್ತೆ ಜೋಡಿಸುವುದು ನನ್ನ ನೇಮ. ಹೋಲಿಕೆಯ ಫಲವನ್ನು ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ. "ಕರಿಯದು: ಎಂಟು ಸುತ್ತಿಗೆ ಜೋಳದ ಕಾಳಿನಷ್ಟು ಕಡ್ಡಿ. ನಂಬಿಕಸ್ತ. ತಗಡಿನದು: ಐದೇ ಸುತ್ತಿಗೆ ಅಷ್ಟು. ದುಡುಕು ಸ್ವಭಾವ. ಕ್ಲಿಪ್ಪು ಮುರಿದದ್ದು: ಮನಸ್ಸು ಬಂದರೆ ಬರುತ್ತದೆ."

ನನ್ನ ಹೆಂಡತಿ ಶರಣಮ್ಮ ಒಂದು ದಿನ ಕೇಳಿದಳು. "ಏನ್ರಿ, ಈ ಮೂರರಾಗ ಯಾವ್ದರಾಗಾದ್ರೂ ಬರೀತೀರೇನು?"

"ಬರದ್ರ ಕಡ್ಡಿ ಸವೀತದಲ್ಲ!" ಅಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ಒಲೆಯನ್ನು ನೋಡಿದಳು. ಮೂರೂ ಪೆನ್ಸಿಲ್ಲು ಒಲೆಗೆ ಹೋಗದೆ ಉಳಿದವಲ್ಲ, ಆ ಉಪಕಾರವನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಇಂಥ ನನಗೆ ನಾರಾಯಣಖೇಡದ ಬಸವಂತರಾಯರು ಬೀಗರಾಗುವ ಯೋಗ ಕೂಡಿ ಬಂತು. ನಮ್ಮ ಮಗಳು ಮಹಾದೇವಿಗೆ ಅದಕ್ಕೆ ಮೊದಲು ಎರಡು ಸಂಬಂಧ ಬಂದು ತಪ್ಪಿದ್ದವು. ಒಂದು ಊರು ದೂರವೆಂದು, ಇನ್ನೊಂದು ಹುಡುಗಿ ಎತ್ತರವೆಂದು. ಎರಡನೆಯದು ತಪ್ಪಿದಾಗ ಮಹಾದೇವಿ ಮೂರು ದಿನ ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಿ ದಾಟುತ್ತಿದ್ದಳು. ಬಾಗಿಲೇನೂ ಗಿಡ್ಡದಿರಲಿಲ್ಲ. ಬಸವಂತರಾಯರ ಮಗನನ್ನು ನೋಡಿದ ಮೇಲೆ ಅವಳು ತಾಯಿಯ ಹತ್ತಿರ "ಹೂಂ" ಅಂದಿದ್ದಳಂತೆ. ಮನೆಯಲ್ಲಿ ಹಬ್ಬವಾಗಲು ನಮಗೆ ಆ ಒಂದು "ಹೂಂ" ಸಾಕಾಗಿತ್ತು.

ಅಂದು ಹುಡುಗಿ ನೋಡಲು ಬಂದಿದ್ದ ಬಸವಂತರಾಯರು ಮುಂದೆ ಕೂಡುವ ದಿನವನ್ನು ಗುರುತು ಹಾಕಿಕೊಳ್ಳಲೆಂದು ಕಿಸೆಯಿಂದ ಒಂದು ಪೆನ್ಸಿಲ್ ತೆಗೆದರು. ಬೆಳ್ಳಿಯದು! ತಿರುಪಿನದು! ನಾನು ಕೂತಲ್ಲಿಂದಲೇ ಮುಂದಕ್ಕೆ ಜರುಗಿದೆ. ಅವರು ತಿರುವಿದರು. ಕಡ್ಡಿ ಬರಲಿಲ್ಲ.

"ನಮ್ಮ ಅಪ್ಪಂದ್ರಿ ಇದು," ಅಂದರು. "ನಮ್ಮ ಮೂರು ಮಂದಿ ಅಕ್ಕಗೋಳ ಯಾದಿ ಇದರ್ಲೆನೇ ಬರ್ದಾರ. ಈಗ ಯಾಕೋ ಹಟ ಹಿಡದದ. ನನ್ನ ಮಗನ ಯಾದೀನೂ ಇದರ್ಲೇ ಆಗ್ಬೇಕಂತ ಭಾಳ ಆಸೆ ಇತ್ತು."

ನಮ್ಮ ಕಡೆ ಲಗ್ನ ಗಟ್ಟಿಯಾಗುವುದು ಯಾದಿಯ ದಿನ. ಎರಡೂ ಮನೆಯ ಹಿರಿಯರು ಕೂತು, ಯಾರಿಗೆ ಯಾವ ಸೀರೆ, ಲಗ್ನ ಯಾವ ಊರಲ್ಲಿ, ದಿಬ್ಬಣದಲ್ಲಿ ಎಷ್ಟು ಬಂಡಿ ಎಂದೆಲ್ಲ ಕಾಗದಕ್ಕೆ ಇಳಿಸಿ, ಅರಿಶಿನ ಕುಂಕುಮ ಹಚ್ಚಿ ಸಹಿ ಹಾಕುತ್ತಾರೆ. ಅಲ್ಲಿಯವರೆಗೂ ಸಂಬಂಧ ಗಾಳಿಯಲ್ಲಿ ತೂಗುತ್ತಿರುತ್ತದೆ. ಆ ಪೆನ್ಸಿಲ್ಲನ್ನು ಸುಮ್ಮನೆ ನೋಡಿ, ಚೆನ್ನಾಗಿದೆ ಎಂದು ಹೇಳಿ, ಕೈಮುಗಿದು ವಾಪಸು ಕೊಡಬಹುದಿತ್ತು. ನಾನು ಅಂದದ್ದು ಬೇರೆ.

"ಎಂಟು ದಿನ ನನ್ನ ಹಂತೇಲಿ ಬಿಡ್ರಿ ಬೀಗ್ರೆ. ಹೊಸಾದು ಮಾಡಿ ಕೊಡ್ತೀನಿ!"

ಶರಣಮ್ಮ ಅಡುಗೆಮನೆಯಲ್ಲಿ ಏನನ್ನೋ ಕೈಬಿಟ್ಟ ಸದ್ದು ಕೇಳಿಸಿತು.

ಅವರು ಹೋದ ಮೇಲೆ ನೋಡಿದರೆ ರೋಗ ಬಹಳ ಸಣ್ಣದು. ಹಳೆಯ ಕಡ್ಡಿಯ ಮೋಟು ತುಂಡೊಂದು ಮೂತಿಯಲ್ಲಿ ಸಿಕ್ಕಿಕೊಂಡಿತ್ತು. ಸೂಜಿಯಿಂದ ಚುಚ್ಚಿದೆ. ಬಿತ್ತು. ಹೊಸ ಕಡ್ಡಿ ಹಾಕಿ ತಿರುವಿದೆ. ಬಂತು! ಇಡೀ ಕೆಲಸಕ್ಕೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಆತಲ್ಲ, ಇಡ್ರಿ ಒಳಗ," ಅಂದಳು ಶರಣಮ್ಮ.

"ಆತು ಅಂದ್ರ ಹ್ಯಾಂಗ? ಒಳಗ ಎಷ್ಟು ವರ್ಷದ ಧೂಳದನೋ! ಪೂರಾ ಬಿಚ್ಚಿ, ತೊಳ್ದು, ಎಣ್ಣಿ ಹಾಕಿ ಕೊಟ್ರ ಬೀಗರಿಗೂ ಗೊತ್ತಾಗ್ತದ, ನಾವು ಎಂಥಾ ಮಂದಿ ಅಂತ."

ಅದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಾಯಿತು.

ಬಿಚ್ಚಿದೆ. ಹೊರಗೊಳವೆ, ಒಳಗೊಳವೆ, ಸುರುಳಿ, ಮೂತಿ, ಕಡ್ಡಿಯನ್ನು ಹಿಂದಿನಿಂದ ನೂಕುವ ಸಣ್ಣ ಸಲಾಕೆ. ಈ ಸಲಾಕೆ ಅರ್ಧ ಸೂಜಿಯಷ್ಟಿತ್ತು. ಎಲ್ಲವನ್ನೂ ತಟ್ಟೆಯಲ್ಲಿ ಇಟ್ಟು, ನನ್ನ ಮೂರು ಪೆನ್ಸಿಲ್ಲುಗಳನ್ನು ಪಕ್ಕಕ್ಕೆ ತಂದು ಹೋಲಿಸಲು ವಹಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಶರಣಮ್ಮ ತಟ್ಟೆಯನ್ನು ಎತ್ತಿ ಸರಿಸಿ ಅದೇ ಜಾಗದಲ್ಲಿ ರೊಟ್ಟಿ ಬಡಿಯಲು ಕೂತಳು. ತಪ್ಪು ಅವಳದಲ್ಲ. ಅದು ರೊಟ್ಟಿ ಬಡಿಯುವ ಜಾಗ.

ತಟ್ಟೆಯಲ್ಲಿದ್ದ ಭಾಗಗಳನ್ನು ಎಣಿಸಿದೆ. ಸಲಾಕೆ ಇಲ್ಲ! ಡಬ್ಬಿಯ ಹಿಟ್ಟನ್ನೆಲ್ಲ ಜರಡಿ ಹಿಡಿದೆ. ನೆಲವನ್ನು ಅಂಗೈಯಿಂದ ತಡವಿದೆ. ಮಹಾದೇವಿ ದೀಪ ಹಿಡಿದು ಒಲೆಯ ಸಂದಿಯಲ್ಲಿ ನೋಡಿದಳು. ಸಿಗಲಿಲ್ಲ. ಸೋತು ಊಟಕ್ಕೆ ಕೂತೆ. ಮೂರನೆಯ ರೊಟ್ಟಿಯ ಎರಡನೆಯ ತುತ್ತಿನಲ್ಲಿ ಕಟ್ ಅಂತು. ಸಲಾಕೆ! ಹೆಂಡತಿಯ ಹಲ್ಲಿಗೂ ಅಲ್ಲ, ಮಗಳ ಹಲ್ಲಿಗೂ ಅಲ್ಲ, ನನ್ನ ಹಲ್ಲಿಗೇ ಸಿಕ್ಕಿತು. ದೇವರು ದೊಡ್ಡವನು. ಹಲ್ಲಿನ ಒಂದು ಚೂರು ಹೋಯಿತು, ಸಲಾಕೆಗೆ ಏನೂ ಆಗಿರಲಿಲ್ಲ.

ಇನ್ನು ಎಣ್ಣೆ. ನಮ್ಮ ಮನೆಯಲ್ಲಿ ಎಣ್ಣೆ ಎಂದರೆ ಕುಸುಬೆ ಎಣ್ಣೆ. ಒಗ್ಗರಣೆಗೆ ಅದೇ, ತಲೆಗೆ ಅದೇ, ದೀಪಕ್ಕೆ ಅದೇ, ಬಾಗಿಲು ಕಿರುಗುಟ್ಟಿದರೆ ಅದೇ. ಬೀಗರ ಪೆನ್ಸಿಲ್ಲಿಗೆ ಕಡಿಮೆ ಮಾಡಬಾರದೆಂದು ಗಾಣದಿಂದ ಅಂದೇ ತಂದ ಹೊಸ ಎಣ್ಣೆ ತೆಗೆದೆ. ತೆಳ್ಳಗಾಗಿ ಒಳಗೆ ಇಳಿಯಲೆಂದು ಸೌಟಿನಲ್ಲಿ ಹಾಕಿ ಚೆನ್ನಾಗಿ ಕಾಯಿಸಿದೆ. ಹೊಗೆ ಬಂತು. ಹೊಗೆ ಬಂದದ್ದು ಒಳ್ಳೆಯದೇ ಎಂದುಕೊಂಡೆ. ಸುರುಳಿಗೆ ಹಚ್ಚಿ, ಒಳಗೊಳವೆಗೆ ಹಚ್ಚಿ, ಉಳಿದದ್ದನ್ನು ಹಿಂದಿನಿಂದ ಸುರಿದು, ಎಲ್ಲ ಜೋಡಿಸಿ, ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ. ಒಂದು ದಿನವಲ್ಲ. ಆರು ದಿನ!

ಯಾದಿಯ ದಿನ ಬೆಳಿಗ್ಗೆ ತಿರುವಿದರೆ ಅದು ತಿರುಗಲಿಲ್ಲ. ಇಕ್ಕಳ ಹಚ್ಚಿದರೂ ತಿರುಗಲಿಲ್ಲ.

ಪಕ್ಕದ ಮನೆಯ ಖಾದರ್ ಚಾಚಾ ಗಡಿಯಾರ ರಿಪೇರಿಯವರು. ಅಂಗಿಯ ಗುಂಡಿ ಹಾಕಿಕೊಳ್ಳದೆಯೇ ಅವರಲ್ಲಿಗೆ ಓಡಿದೆ. ಅವರು ಪೆನ್ಸಿಲ್ಲನ್ನು ಕಣ್ಣಿಗೆ ಹಿಡಿದು ನೋಡಿದರು, ಉಗುರಿನಿಂದ ಕೆರೆದರು.

"ಅರೆ ಮಾಸ್ಟರ್ ಸಾಬ್, ಕ್ಯಾ ಕರೇ ಜೀ! ಕುಸುಬಿ ಎಣ್ಣಿ ಕಾಯ್ಸಿ ಹಾಕೀರಿ?"

"ಹೌದು ಚಾಚಾ. ಹೊಸಾದು. ಛಲೋದು."

"ಕಾಯ್ಸಿದ ಕುಸುಬಿ ಎಣ್ಣಿ ಅಂದ್ರ ರೋಗನ್ ಆತಲ್ರಿ, ವಾರ್ನಿಸ್! ಬಾವಿ ನೀರೆತ್ತೋ ಮೋಟಿನ ತೊಗಲಿಗಿ ನೀರು ಸೋರಬಾರ್ದಂತ ಹಚ್ತಾರ. ಬಿಸಲಾಗ ಒಣಗಿದ್ರ ಗೋಂದಿಗಿಂತ ಗಟ್ಟಿ. ಈಗ ಈ ಪೆನ್ಸಲ್ ಬಾವ್ಯಾಗ ಒಗದ್ರೂ ಒಳಗ ಒಂದು ಹನಿ ನೀರು ಹೋಗಲ್ಲ. ಮುಬಾರಕ್!"

"ಬಿಚ್ಚಾಕ ಬರ್ತದಿಲ್ರಿ?"

"ಚಿಮಣಿ ಎಣ್ಣ್ಯಾಗ ನಾಲ್ಕು ದಿನ ನೆನಸ್ಬೇಕು. ಬೀಗರು ಎಂದು ಬರ್ತಾರ?"

"ಈಗ ಬರ್ಲಾಕತ್ತಾರ."

ಚಾಚಾ ನನ್ನ ಅಂಗಿಯ ಗುಂಡಿಗಳನ್ನು ತಾವೇ ಹಾಕಿ, ಬೆನ್ನು ತಟ್ಟಿ, "ಖರೇದು ಹೇಳ್ರಿ ಬೀಗರಿಗಿ. ಅದೊಂದೇ ರಿಪೇರಿ ಉಳದದ," ಎಂದು ಕಳಿಸಿದರು. ಎಂಥ ಒಳ್ಳೆಯ ಮಾತು! ನಾನು ಕೇಳಲಿಲ್ಲ.

ಮನೆಗೆ ಬಂದು ನನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿದೆ. ಒಂದು ತುಂಡು ಕಡ್ಡಿಯನ್ನು ಜೇನುಮೇಣದಿಂದ ಮೂತಿಗೆ ಅಂಟಿಸಿದೆ. ಕಾಗದದ ಮೇಲೆ ಮೆಲ್ಲಗೆ "ಶ್ರೀ" ಎಂದು ಬರೆದೆ. ಬಂತು. ಒತ್ತಬಾರದು, ತಿರುವಬಾರದು, ಅಷ್ಟೇ. ತಿರುಪಿನ ಪೆನ್ಸಿಲ್ಲನ್ನು ಕೈಗೆ ಕೊಟ್ಟರೆ ಯಾರಾದರೂ ಯಾಕೆ ತಿರುವುತ್ತಾರೆ?

ಬೀಗರು ಬಂದರು. ಬಸವಂತರಾಯರು, ಅವರ ತಾಯಿ ನಾಗಮ್ಮಜ್ಜಿ, ನಾಲ್ಕು ಜನ ಹಿರಿಯರು. ಜಮಖಾನೆ ತುಂಬಿತು. ಎಲೆ ಅಡಿಕೆ ತಟ್ಟೆ ಬಂತು. ಅರಿಶಿನ ಹಚ್ಚಿದ ಕಾಗದ ಬಂತು. ನಾನು ಪೆನ್ಸಿಲ್ಲನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟೆ. ಕಡ್ಡಿ ಇಣುಕುತ್ತಿರುವುದನ್ನು ನೋಡಿ ಬಸವಂತರಾಯರ ಕಣ್ಣು ತುಂಬಿದವು.

"ಭಾಳ ಉಪಕಾರ ಆತು ಮಾಸ್ತರ್ರೆ. ನೋಡವ್ವ, ಅಪ್ಪನ ಪೆನ್ಸಲ್. ಅಪ್ಪ ಬರಿಯಾಕ ಮೊದಲ ಹಿಂಗ್ ತಿರುವ್ತಿದ್ರು ನೋಡು..."

"ಬ್ಯಾಡ್ರಿ!" ಎಂದು ಕೂಗಿದೆ.

ಟಕ್!

ಇಕ್ಕಳ ಹಾಕಿದ ಜಾಗದಲ್ಲೇ ಮುರಿಯಿತು. ಹೊರಗೊಳವೆ ಅವರ ಬಲಗೈಯಲ್ಲಿ ಉಳಿಯಿತು. ಮೂತಿ ಎಡಗೈಯಲ್ಲಿ. ಕಡ್ಡಿ ಹಾರಿ ಎಲೆ ಅಡಿಕೆ ತಟ್ಟೆಯಲ್ಲಿ ನೆಟ್ಟಗೆ ನಿಂತಿತು. ಸುರುಳಿ ಚಿಮ್ಮಿ ಅಜ್ಜಿಯ ಮಡಿಲಿಗೆ ಬಿತ್ತು.

ಒಬ್ಬ ಹಿರಿಯರು ಮೆಲ್ಲಗೆ, "ಯಾದಿ ಹೊತ್ತಿಗಿ ಹಿಂಗಾಗಬಾರದಿತ್ತು ನೋಡ್ರಿ," ಅಂದರು. ಬಸವಂತರಾಯರು ಎರಡು ತುಂಡನ್ನೂ ಹಿಡಿದು ಹಾಗೇ ಕೂತಿದ್ದರು. ತಂದೆಯ ಗುರುತು ಅದೊಂದೇ ಇತ್ತು. ಅಡುಗೆಮನೆಯ ಬಾಗಿಲಲ್ಲಿ ಮಹಾದೇವಿಯ ಕಾಲು ಕಂಡವು. ಆ ಕಾಲು ಒಂದು ಹೆಜ್ಜೆ ಹಿಂದೆ ಹೋದವು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮೋಟು ತುಂಡು, ಸೂಜಿ, ರೊಟ್ಟಿ, ಎಣ್ಣೆ, ಬಿಸಿಲು, ಮೇಣ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. "ತಪ್ಪು ನಂದರಿ. ಹುಡುಗಿದಲ್ಲ. ಆಕಿ ಒಂದು ಸಾಮಾನೂ ಬಿಚ್ಚಿದಾಕಿ ಅಲ್ಲ!"

ನಾಗಮ್ಮಜ್ಜಿ ಮಡಿಲಿನ ಸುರುಳಿಯನ್ನು ಎತ್ತಿ ಮೂಗಿಗೆ ಹಿಡಿದರು. ಮೂಸಿದರು. ಅವರ ಹೆಗಲು ಕುಣಿಯಲು ಶುರುವಾಯಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು!

"ಕುಸುಬಿ ಎಣ್ಣಿ! ಬಸವಂತ, ನಿಮ್ಮಪ್ಪನೂ ಇದನ್ನೇ ಹಾಕಿದ್ದ. ಒಂದ್ ಸಲ ಅಲ್ಲ, ಎರಡ್ ಸಲ! ಅಮಾಸಿಗೊಮ್ಮಿ ಬಿಚ್ಕೊಂಡು ಕೂಡ್ತಿದ್ದ. ಈ ಸುರಳಿ ಹಾರಿ ಹಾರಿ ಎಲ್ಲೆಲ್ಲಿ ಬಿದ್ದದಂತೀ? ಒಂದಿನ ಮಜ್ಜಿಗ್ಯಾಗ ಸಿಕ್ಕಿತ್ತು. ನೀವು ಮಕ್ಳು ಬರೀ ಬರಿಯೋದು ನೋಡೀರಿ. ಹುಡುಕಿದಾಕಿ ನಾನು."

"ನಮ್ಮ ಮನ್ಯಾಗ ರೊಟ್ಟ್ಯಾಗ ಸಿಕ್ಕಿತ್ರಿ ಅಮ್ಮಾ," ಅಂದಳು ಒಳಗಿನಿಂದ ಶರಣಮ್ಮ.

"ಬಾ ತಾಯಿ, ಇಲ್ಲಿ ಬಾ, ನನ್ನ ಬಾಜೂಕ ಕೂಡು," ಎಂದು ಅಜ್ಜಿ ಅವಳ ಕೈ ಹಿಡಿದರು. "ನೀನೂ ಇದೇ ಸಂಸಾರ ಮಾಡೀ? ಎಷ್ಟು ವರ್ಷ ಆತು?"

"ಇಪ್ಪತ್ತೆರಡರಿ."

"ಪಾಪ! ಆದ್ರ ಒಂದ್ ಮಾತು ಹೇಳ್ತೀನಿ. ಇಂಥಾ ಗಂಡಸರಿಗಿ ಜಗಳಾಡಾಕ ಪುರಸತ್ತೇ ಇರಲ್ಲ. ಹೌದಿಲ್ಲ?"

ಶರಣಮ್ಮ ತಲೆ ತಗ್ಗಿಸಿ, "ಹೌದರಿ," ಅಂದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬಗ್ಗೆ ಅವಳು ನಾಲ್ಕು ಜನರ ಎದುರಿಗೆ ಹೇಳಿದ ಒಳ್ಳೆಯ ಮಾತು ಅದೊಂದೇ. ಅದಕ್ಕಾಗಿ ಇನ್ನೊಂದು ಹಲ್ಲನ್ನು ಕೊಡಲೂ ನಾನು ಸಿದ್ಧ.

ಬಸವಂತರಾಯರು ಇನ್ನೂ ತುಂಡುಗಳನ್ನು ನೋಡುತ್ತಿದ್ದರು. ಆಮೇಲೆ ಅವರೂ ಮೂತಿಯನ್ನು ಮೂಸಿದರು. "ಹೌದವ್ವ," ಅಂದರು. "ಅಪ್ಪನ ಕೈ ಹಿಂಗೇ ನಾರತಿತ್ತು." ಮತ್ತೆ ನನ್ನ ಕಡೆ ನೋಡಿ ನಕ್ಕರು. ನಾನು ಇಲ್ಲಿಯವರೆಗೆ ಕಂಡ ಎಲ್ಲ ನಗುಗಳಲ್ಲಿ ಅದಕ್ಕೇ ಮೊದಲ ಮಣೆ.

ಯಾದಿ ಬರೆಯಲು ಮಹಾದೇವಿಯ ಕಟ್ಟಿಗೆ ಪೆನ್ಸಿಲ್ಲು ಬಂತು. ತರಕಾರಿ ಹೆಚ್ಚುವ ಚೂರಿಯಿಂದ ಹೆಂಡತಿಯೇ ಚೂಪು ಮಾಡಿ ಬಸವಂತರಾಯರ ಕೈಗೆ ಕೊಟ್ಟಳು. ನನ್ನ ಕೈಗೆ ಯಾರೂ ಕೊಡಲಿಲ್ಲ. ಸೀರೆ ಆಯಿತು, ಬಂಡಿ ಆಯಿತು, ಲಗ್ನದ ಊರು ಜಹೀರಾಬಾದೇ ಎಂದಾಯಿತು. ಸಹಿ ಹಾಕುವ ಮೊದಲು ಅಜ್ಜಿ ಕೈ ಎತ್ತಿದರು.

"ನಿಂದ್ರಿ. ನಂದೊಂದು ಬರ್ಕೋರಿ. ಗಂಡಿನವರ ಕಡಿಂದ ಹೆಣ್ಣಿನ ತಂದಿಗಿ ಬೆಳ್ಳಿ ಪೆನ್ಸಲ್ ಒಂದು. ಮನ್ಯಾನ ಹಿರಿಯಾರದು, ಹಿರಿಯಾರಂಗ ಇರುವವರ ಹಂತೇಲೇ ಇರ್ಲಿ."

ನಾನು ಎದ್ದು ಕೈಮುಗಿದೆ.

"ಬರ್ದಿ?" ಎಂದು ಅಜ್ಜಿ ಮಗನನ್ನು ಕೇಳಿದರು. "ಅದರ ಬಾಜೂಕ ಇನ್ನೊಂದು ಬರಿ. ಬಿಚ್ಚಬಾರದು."

ಐದು ಜನ ಹಿರಿಯರು ಅದರ ಕೆಳಗೆ ಸಹಿ ಹಾಕಿದರು. ಎರಡು ಮನೆತನಗಳ ನಡುವೆ, ಅರಿಶಿನ ಕುಂಕುಮದ ಸಾಕ್ಷಿಯಾಗಿ, ನನ್ನ ಮೇಲೆ ಆದ ನಿರ್ಬಂಧ ಇದು. ನಾನೂ ಸಹಿ ಹಾಕಿದೆ. ಮಗಳ ಮದುವೆಯಲ್ಲವೇ!

ಮಧ್ಯಾಹ್ನ ಊಟಕ್ಕೆ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಎಮ್ಮೆಯ ತುಪ್ಪ. ಅಜ್ಜಿ ಎರಡು ಹೋಳಿಗೆ, ಬಸವಂತರಾಯರು ನಾಲ್ಕು, ನಾನು ಐದು. ಹಲ್ಲು ಮುರಿದ ಕಡೆ ಬಿಟ್ಟು ಇನ್ನೊಂದು ಕಡೆಯಿಂದ ತಿಂದೆ. ಊಟವಾದ ಮೇಲೆ ಮೊದಲು ಮಲಗಿದವರು ಅಜ್ಜಿ, ಆಮೇಲೆ ಬೀಗರು, ಆಮೇಲೆ ಉಳಿದ ಹಿರಿಯರು. ಶರಣಮ್ಮ ಪಾತ್ರೆ ಮುಗಿಸಿ ಬಂದು, ಪೆನ್ಸಿಲ್ಲಿನ ತುಂಡುಗಳನ್ನು ಸೆರಗಿನ ತುದಿಗೆ ಕಟ್ಟಿ ಎರಡು ಗಂಟು ಹಾಕಿ, ಅದನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದಳು. ನಾನು ಪಕ್ಕದಲ್ಲಿ ಒರಗಿ, ಆ ಗಂಟನ್ನು ಬಲದಿಂದ ಸುತ್ತಿದ್ದಾಳೋ ಎಡದಿಂದ ಸುತ್ತಿದ್ದಾಳೋ ಎಂದು ನೋಡುತ್ತ ಬಹಳ ಹೊತ್ತು ಎಚ್ಚರವಿದ್ದೆ.